ನಿನ್ನ ಹೆಸರಿನ ಗುಂಡಿ

ಮಲಬೋನ್
ಜೂನ್ ೯

ಕ್ರಿಸಾಂತೋ,

ಹೆಸರಿನ ಹಿಂದೆ ಏನು ಬರೆಯಬೇಕೆಂದು ತೋಚದೆ ಹಾಗೇ ಬಿಟ್ಟಿದ್ದೇನೆ, ಬೇಸರಿಸಬೇಡ. ಕಂಪನಿಯೊಂದರಿಂದ ನಿನಗೆ ಫೋನ್ ಬರಬಹುದು. ಅದಕ್ಕೆ ಮೊದಲು ವಿಷಯ ನನ್ನಿಂದಲೇ ತಿಳಿಯಲಿ.

ಹೋದ ವರ್ಷ ಆ ಕಂಪನಿಯಿಂದ ರೊವೀನಾ ಎಂಬ ಹುಡುಗಿ ಬಂದು ನಮ್ಮ ಟಿವಿಗೆ ಒಂದು ಪೆಟ್ಟಿಗೆ ಕೂರಿಸಿದಳು. ಯಾರು ಏನು ನೋಡುತ್ತಾರೆ, ಎಷ್ಟು ಹೊತ್ತು ನೋಡುತ್ತಾರೆ ಎಂದು ಅಳೆಯುವ ಯಂತ್ರ. ಮನೆಯಲ್ಲಿ ಒಬ್ಬೊಬ್ಬರಿಗೂ ಒಂದೊಂದು ಗುಂಡಿ. ಟಿವಿ ಮುಂದೆ ಕೂತಾಗ ಒತ್ತಬೇಕು, ಎದ್ದಾಗ ಮತ್ತೆ ಒತ್ತಬೇಕು. ಮನೆಯಲ್ಲಿ ಎಷ್ಟು ಜನ ಎಂದು ಕೇಳಿದಳು. ಇಬ್ಬರು ಎಂದುಬಿಟ್ಟೆ. ನಿನ್ನ ನಂಬರನ್ನೂ ಬರೆಸಿದೆ. ನೀನು ನನ್ನನ್ನು ಬಿಟ್ಟು ಬುಲಾಕನ್‌ಗೆ, ಆ ಇನ್ನೊಬ್ಬಳ ಮನೆಗೆ ಹೋಗಿ ಆಗಲೇ ಬಹಳ ತಿಂಗಳಾಗಿತ್ತು.

ಮೊದಮೊದಲು ಸುದ್ದಿಯ ಹೊತ್ತಿಗೆ ಮಾತ್ರ ನಿನ್ನ ಗುಂಡಿ ಒತ್ತುತ್ತಿದ್ದೆ. ಆಮೇಲೆ ಬಾಕ್ಸಿಂಗ್‌ಗೂ ಒತ್ತಿದೆ. ನನಗೆ ಬಾಕ್ಸಿಂಗ್ ಕಂಡರಾಗದು, ನಿನಗೆ ಗೊತ್ತು. ಆದರೂ ಮುಗಿಯುವವರೆಗೆ ಕೂತಿರುತ್ತಿದ್ದೆ. ನೀನು ಪಂದ್ಯವನ್ನು ಅರ್ಧಕ್ಕೆ ಬಿಟ್ಟು ಏಳುವವನಲ್ಲವಲ್ಲ.

ಮೊನ್ನೆ ರೊವೀನಾ ನಗುನಗುತ್ತಾ ಬಂದಳು. “ಅಕ್ಕಾ, ನಿಮ್ಮ ಯಜಮಾನ್ರ ಥರ ಒಂದಿನಾನೂ ತಪ್ಪಿಸ್ದೆ ಸುದ್ದಿ ನೋಡೋರು ಈ ಕಡೆ ಯಾರೂ ಇಲ್ಲ! ಅವರನ್ನ ಕೂರಿಸ್ಕೊಂಡು ನಾಲ್ಕು ಮಾತು ಕೇಳ್ಬೇಕು. ಯಾವಾಗ ಸಿಗ್ತಾರೆ?” ಕೆಲಸದಿಂದ ಇನ್ನೂ ಬಂದಿಲ್ಲ ಎಂದೆ. ಪರವಾಗಿಲ್ಲ, ಕಾಯುತ್ತೇನೆ ಎಂದು ಕೂತಳು. ಕಾಫಿ ಕೊಟ್ಟೆ, ಪಾಂದೆಸಾಲ್ ಬನ್ನು ಕೊಟ್ಟೆ. ಅಷ್ಟರಲ್ಲಿ ಪಕ್ಕದ ಮನೆಯ ನೆನಿಂಗ್ ಬಾಗಿಲಲ್ಲಿ ನಿಂತು ಅಂದಳು: “ಯಾವ ಗಂಡ ಕಣಮ್ಮಾ? ಅವನು ಇನ್ನೊಬ್ಬಳ ಸೋಫಾ ಮೇಲೆ ಕೂತು ಟಿವಿ ನೋಡ್ತಾನೆ. ಇಲ್ಲಿ ಖಾಲಿ ಕುರ್ಚಿಗೆ ಗುಂಡಿ ಒತ್ತೋದು!”

ರೊವೀನಾ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. “ಅಕ್ಕಾ, ಇದನ್ನ ನಂಬ್ಕೊಂಡು ಟಿವಿಯೋರು ಕಾರ್ಯಕ್ರಮ ಇಡ್ತಾರೆ, ತೆಗೀತಾರೆ. ಆಫೀಸಲ್ಲಿ ನಾನೇನ್ ಹೇಳ್ಲಿ?” ಎನ್ನುತ್ತಾ ಕಣ್ಣೊರೆಸಿಕೊಂಡಳು. ವೈರು ಬಿಚ್ಚಿ ಪೆಟ್ಟಿಗೆಯನ್ನು ತೆಗೆದುಕೊಂಡು ಹೋದಳು. ಬಾಗಿಲ ತನಕ ಹೋಗಿ ಕಳಿಸಿಕೊಡಲು ನನಗೆ ಮುಖವಿರಲಿಲ್ಲ.

ಅವರು ಫೋನ್ ಮಾಡಿದರೆ ಇದ್ದದ್ದನ್ನು ಇದ್ದಹಾಗೆ ಹೇಳು. ನನ್ನ ಮಾನ ಉಳಿಸಲು ಹೋಗಬೇಡ. ಆ ಹುಡುಗಿಗೆ ಏನೂ ಗೊತ್ತಿರಲಿಲ್ಲ ಎಂಬುದನ್ನು ಮಾತ್ರ ಒತ್ತಿ ಹೇಳು, ಅವಳ ಕೆಲಸ ಉಳಿಯಲಿ.

ಇಂತಿ,
ಫ್ಲೊರ್ದೆಲಿಜಾ

ತಾ.ಕ.: ನೆನಿಂಗ್ ಅವತ್ತು ಊರಲ್ಲೇ ಇರಲಿಲ್ಲ, ಮಗಳ ಬಾಣಂತನಕ್ಕೆ ಹೋಗಿದ್ದಾಳೆ. ಆ ಮಾತು ಆಡಿದವಳು ನಾನೇ. ನೀನು ಹೋದೆ ಎಂದು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು.