ಚಿನ್ನದ ಕಾರ್ಡಿನ ಕೊನೆಯ ಹತ್ತು ಅಂಕ

ಮೇ 11, ಬೆಳಿಗ್ಗೆ

ಟೋಸ್ಟ್, ಎರಡನೇ ಲೋಟ ಚಹಾ. ಎಂದಿನಂತೆ ವಿಮಾನ ಕಂಪನಿಯ ಪುಟ ತೆರೆದು, ವಿಮಾನ ಹತ್ತಿದಷ್ಟೂ ಏರುವ ನನ್ನ ಅಂಕ ನೋಡಿದೆ. ನಿನ್ನೆಯಷ್ಟೇ ಇದೆ. ಮನೆಯಲ್ಲಿ ಕೂತವನ ಅಂಕ ಏರುವುದಿಲ್ಲ ಎಂಬ ಸತ್ಯವನ್ನು ದಿನಾ ಹೊಸದಾಗಿ ಕಂಡುಕೊಳ್ಳುತ್ತಿದ್ದೇನೆ. ಇನ್ನೂ ನಲವತ್ತು ಬೇಕು. ಗಡುವು ಮೇ 31. ತಪ್ಪಿದರೆ ಗೋಲ್ಡ್ ಕಾರ್ಡು ಹೋಗಿ ಸಿಲ್ವರ್. ಹತ್ತೊಂಬತ್ತು ವರ್ಷ ನೀರಾವರಿ ಪಂಪು ಮಾರುತ್ತ, ದೇಶ ಸುತ್ತಿ ಉಳಿಸಿಕೊಂಡ ಮಾನ... ನಿವೃತ್ತನಾದ ನಾಲ್ಕೇ ತಿಂಗಳಿಗೆ ಬೆಳ್ಳಿಗೆ ಇಳಿಯುವುದೇ?

ಹೆಂಡತಿ ಗ್ಲೆನಿಸ್‌ಗೆ ವಿಷಯದ ಗಾಂಭೀರ್ಯ ವಿವರಿಸಿದೆ. ಕೋಳಿಗಳಿಗೆ ಕಾಳು ಹಾಕಲು ಎದ್ದು ಹೋದಳು.

ಮೇ 14

ಡೆಸ್ ಫೋನ್ ಮಾಡಿದ್ದ. ಹಳೆಯ ಸಹೋದ್ಯೋಗಿ. ಗೋಲ್ಡ್‌ಗೂ ಮೇಲಿನ ಪ್ಲಾಟಿನಂ ಮನುಷ್ಯ, ದನಿಯಲ್ಲೇ ಗೊತ್ತಾಗುತ್ತದೆ. "ಹೆದರ್ಬೇಡ ಕಣಯ್ಯಾ, ಸಿಲ್ವರ್‌ನವರಿಗೂ ಕುಡಿಯೋಕೆ ನೀರು ಕೊಡ್ತಾರಂತೆ" ಎಂದ.

ಉಪಾಯವನ್ನೂ ಅವನೇ ಹೇಳಿಕೊಟ್ಟ. ಒಂದೇ ದಿನ ನಾಲ್ಕು ವಿಮಾನ. ಲಾನ್ಸೆಸ್ಟನ್ನಿಂದ ಮೆಲ್ಬರ್ನ್, ಅಲ್ಲಿಂದ ಅಡಿಲೇಡ್, ಮತ್ತೆ ಮೆಲ್ಬರ್ನ್, ಮತ್ತೆ ಮನೆ. ಒಂದೊಂದಕ್ಕೆ ಹತ್ತು ಅಂಕ. ಎಲ್ಲಿಗೂ ಹೋಗಬೇಕಾಗಿಲ್ಲ — ಹೋಗಿ ಬಂದರಾಯಿತು. ಅಗ್ಗದ ಟಿಕೆಟ್ ಸಿಕ್ಕಿದ್ದು 31ಕ್ಕೇ.

ಮೇ 15

ಗ್ಲೆನಿಸ್ ಕೇಳಿದಳು, ಆ ಕಾರ್ಡಿನಿಂದ ನಿಜಕ್ಕೂ ಸಿಗುವುದೇನು ಎಂದು. ನಿಲ್ದಾಣದಲ್ಲಿ ಪುಕ್ಕಟೆ ಊಟ, ಮೆತ್ತನೆ ಕುರ್ಚಿಯ ಲೌಂಜ್, ಹೆಚ್ಚು ಸಾಮಾನು, ಮೊದಲು ಹತ್ತುವ ಹಕ್ಕು — ಪಟ್ಟಿ ಒಪ್ಪಿಸಿದೆ. ಅಷ್ಟೇನಾ ಎಂದಳು. ಕೊನೆಗೆ ಬಾಯಿಬಿಟ್ಟೆ: ಗಗನಸಖಿ ಸೀಟಿನ ಬಳಿ ಬಂದು 'ಸ್ವಾಗತ, ಮಿಸ್ಟರ್ ಟ್ರೆಲೋರ್' ಎನ್ನುತ್ತಾಳೆ. ಜನವರಿಯಿಂದ ಯಾರೂ ನನ್ನನ್ನು ಹಾಗೆ ಕರೆದಿಲ್ಲ.

"ಹೆಸರು ಹಿಡಿದು ಕರೆಯೋರು ಬೇಕಾ? ಮೂವತ್ನಾಲ್ಕು ವರ್ಷದಿಂದ ಕರೀತಿದ್ದೀನಿ ಮರ್ವಿನ್. ಒಂದು ದಿನಾನಾದ್ರೂ ಮೊದಲನೇ ಸಲಕ್ಕೆ ತಿರುಗಿದ್ದೀಯಾ?"



ಮೇ 17

ತಾನೂ ಬರುತ್ತಾಳಂತೆ. ಗೋಲ್ಡ್‌ನವರು ಲೌಂಜಿಗೆ ಒಬ್ಬರನ್ನು ಕರೆದೊಯ್ಯಬಹುದು. ಹತ್ತೊಂಬತ್ತು ವರ್ಷದಲ್ಲಿ ಒಮ್ಮೆಯೂ ಅವಳನ್ನು ಕರೆದೊಯ್ದಿಲ್ಲ. ನಾಲ್ಕು ವಿಮಾನ ಹತ್ತಿ ಹೊರಟಲ್ಲಿಗೇ ಬರುವ ಗಂಡಸನ್ನು ಕಣ್ಣಾರೆ ನೋಡಬೇಕಂತೆ.

ಮೇ 31, ಮಧ್ಯಾಹ್ನ 12.20. ಅಡಿಲೇಡ್

ಇಪ್ಪತ್ತು ಅಂಕ ಕೈಸೇರಿತು. ಇಳಿದೆವು, ಪುಸ್ತಕದಂಗಡಿಯ ಸುತ್ತ ಒಂದು ಪ್ರದಕ್ಷಿಣೆ, ಅದೇ ವಿಮಾನಕ್ಕೆ ವಾಪಸ್. ಅದೇ ಗಗನಸಖಿ. ಏನಾದರೂ ಬಿಟ್ಟುಹೋದಿರಾ ಎಂದು ಕನಿಕರದಿಂದ ಕೇಳಿದಳು. "ಹೂಂ, ಬುದ್ಧಿ" ಎಂದಳು ಗ್ಲೆನಿಸ್. ಮಿಸ್ಟರ್ ಟ್ರೆಲೋರ್‌ಗೆ ಸ್ವಾಗತ ಹೇಳುವುದು ಆ ಹುಡುಗಿಗೆ ಮರೆತೇಹೋಯಿತು.

ಮಧ್ಯಾಹ್ನ 3.10. ಮೆಲ್ಬರ್ನ್, ಲೌಂಜ್

ಮೂವತ್ತು. ಇನ್ನೊಂದೇ ವಿಮಾನ, 4.50ಕ್ಕೆ. ಗ್ಲೆನಿಸ್ ಬೂಟು ಬಿಚ್ಚಿ, ಕಾಲು ಮಡಿಸಿ ದೊಡ್ಡ ಕುರ್ಚಿಯಲ್ಲಿ ಕೂತಿದ್ದಾಳೆ. ಎರಡು ಬಟ್ಟಲು ಕುಂಬಳದ ಸೂಪು ಮುಗಿಯಿತು. ಚೀಸ್ ಟೋಸ್ಟಿನ ಯಂತ್ರ ಅವಳಿಗೆ ಒಲಿದಿದೆ. ಸೂಟು ತೊಟ್ಟ ಇಬ್ಬರು ಅಪರಿಚಿತರಿಗೂ ಮಾಡಿಕೊಟ್ಟಳು.

ಈ ಜಾಗದ ಹೆಚ್ಚುಗಾರಿಕೆಯನ್ನು ಹಳೆ ಪುರೋಹಿತನ ಠೀವಿಯಿಂದ ತಿಳಿಸಿದೆ: ಇಲ್ಲಿ ಗದ್ದಲವಿಲ್ಲ. ವಿಮಾನ ಹೊರಟಿತೆಂದು ಯಾರೂ ಕೂಗುವುದಿಲ್ಲ. ನಮ್ಮಂಥವರನ್ನು ಕೂಗಿ ಕರೆಯುವ ಅಗತ್ಯವಿಲ್ಲ.

ಸಂಜೆ 5.15

ಕೂಗಲಿಲ್ಲ.

ಆದದ್ದು ಇಷ್ಟು. ಇಷ್ಟು ವರ್ಷ ಇಲ್ಲಿ ಏನು ಮಾಡುತ್ತಿದ್ದೆ ಎಂದು ಕೇಳಿದಳು. ಹೇಳಿದೆ: ಸೂಪು ಕುಡಿದು, ಫೋನ್ ನೋಡುತ್ತ, ಒಬ್ಬನೇ. ನಾನು ಪ್ರವಾಸ ಹೊರಡುತ್ತಿದ್ದ ಮಂಗಳವಾರಗಳಲ್ಲಿ ಮನೆಯಲ್ಲಿ ಆದದ್ದನ್ನು ಅವಳು ಹೇಳತೊಡಗಿದಳು. ಚಿಮಣಿಗೆ ಪಾಸಮ್ ಎಂಬ ಬೆಕ್ಕಿನಷ್ಟು ದೊಡ್ಡ ಮರಪ್ರಾಣಿ ಬಿದ್ದದ್ದು. ಅದನ್ನು ಹಿಡಿಯಲು ಪಾದ್ರಿ ನನ್ನ ಪಂಪ್ ಕಂಪನಿಯ ಕೋಟು ತೊಟ್ಟುಕೊಂಡದ್ದು. ಪ್ರಾಣಿ ಕೋಟಿನೊಳಗೇ ಹೊಕ್ಕದ್ದು. ನಕ್ಕು ನಕ್ಕು ಕಣ್ಣೊರೆಸಿಕೊಂಡು ವಿಮಾನಗಳ ಸಮಯದ ಹಲಗೆ ನೋಡಿದರೆ — ಗೇಟ್ ಮುಚ್ಚಿದೆ.

ಓಡಿದೆವು. ಗ್ಲೆನಿಸಳ ಬೂಟು ಅವಳ ಕೈಯಲ್ಲಿ. ಗಾಜಿನಾಚೆ ಹತ್ತು ಅಂಕ ಹಿಂದಕ್ಕೆ ಸರಿಯುತ್ತಿತ್ತು. ಇವತ್ತಿನ ಉಳಿದ ವಿಮಾನಗಳೆಲ್ಲ ಭರ್ತಿ. ನಾಳೆ ಬೆಳಿಗ್ಗೆ ಸೀಟಿದೆ. ನಾಳೆ ಜೂನ್ 1. ಲೆಕ್ಕ ಮತ್ತೆ ಸೊನ್ನೆಯಿಂದ.

ಲೌಂಜಿನ ಹಕ್ಕಿಗಾಗಿ ಹೊರಟವನು ಲೌಂಜಿನಲ್ಲೇ ಕೂತು ಅದನ್ನು ಕಳೆದುಕೊಂಡ ಚರಿತ್ರೆ ಬೇರೆ ಇರಲಾರದು.

"ಅಳ್ತೀಯೋ ನಗ್ತೀಯೋ, ಬೇಗ ಹೇಳು ಮಾರಾಯ" ಎಂದಳು. "ನಂಗಂತೂ ತಡ್ಕೊಳೋಕಾಗ್ತಿಲ್ಲ."

ನಕ್ಕೆ. ಗೇಟಿನವಳು ನೀರು ತಂದುಕೊಟ್ಟಳು. ಡೆಸ್ ಹೇಳಿದ್ದು ನಿಜ.

ಆಗಸ್ಟ್ 23, ಬೆಳಿಗ್ಗೆ 9.40. ಲಾನ್ಸೆಸ್ಟನ್, ಗೇಟ್

ಸಿಲ್ವರ್ ಕಾರ್ಡು ಬಂದು ಎರಡು ತಿಂಗಳಾಯಿತು. ಡ್ರಾಯರಿನಲ್ಲೆಲ್ಲೋ ಇದೆ. ಪುಟ ತೆರೆದು ನೋಡುವುದು ಬಿಟ್ಟಿದ್ದೇನೆ. (ಮೊನ್ನೆ ಒಮ್ಮೆ ನೋಡಿದೆ. ಒಮ್ಮೆಯೇ.)

ದೇಶದ ಇನ್ನೊಂದು ತುದಿಯ ಬ್ರೂಮ್‌ಗೆ ಹೊರಟಿದ್ದೇವೆ. ನಿಜವಾಗಿ ಹೋಗಿ, ಹತ್ತು ದಿನ ಇದ್ದು ಬರುವುದು. ಪ್ಲಾಸ್ಟಿಕ್ ಕುರ್ಚಿ. ಗ್ಲೆನಿಸಳ ಫ್ಲಾಸ್ಕಿನ ಚಹಾ, ಮೊಟ್ಟೆಯ ಸ್ಯಾಂಡ್‌ವಿಚ್. ಸೂಪಿಗಿಂತ ರುಚಿ ಎಂದು ಬರೆದರೆ ಸುಳ್ಳಾದೀತು. ಆದರೆ ಇಲ್ಲಿ ಮೈಕಿನಲ್ಲಿ ಎಲ್ಲರನ್ನೂ ಕರೆಯುತ್ತಾರೆ, ಎಂಥ ಬೆಳ್ಳಿಯವನಿಗೂ ಕೇಳುವಂತೆ.

ಮೊದಲು ಪ್ಲಾಟಿನಂ. ಆಮೇಲೆ ಗೋಲ್ಡ್, ನಾಲ್ಕು ಜನ, ನಾಲ್ವರೂ ಒಬ್ಬೊಬ್ಬರೇ, ಫೋನ್ ನೋಡುತ್ತ ಹೋದರು. ಇನ್ನು ನಮ್ಮ ಸಾಲು. ಈ ವಾಕ್ಯ ಮುಗಿಸಿಬಿಡೋಣವೆಂದರೆ —

"ಮರ್ವಿನ್."

ಒಂದೇ ಸಲ ಕರೆದಳು. ತಿರುಗಿ —