ಚಿಮಣಿ ಬುಡದಲ್ಲಿ ಕಿವಿ

ಅಕ್ಟೋಬರ್ 9, 1978. ಸೋಮವಾರ

ಇಲ್ಲ ಭಾವ, ನೀವು ಹೇಳೋದು ತಪ್ಪು. ಫೋನ್ ಇಟ್ಟ ಮೇಲೆ ಹೇಳ್ತಿದ್ದೀನಿ, ನಿಮ್ಮೆದುರು ಬಾಯಿ ಬರಲ್ಲ. ಡಾಕ್ಟರ ಭಾಮೈದನಾಗಿ ಇಟ್ಟಿಗೆ ಹೊರೋದು ಅವಮಾನ ಅಂತೀರಿ. ಗೈದರ್ಸ್‌ಬರ್ಗ್‌ನಲ್ಲಿ ನಿಮ್ಮ ಬೇಸ್‌ಮೆಂಟಲ್ಲಿ ಟಿವಿ ನೋಡ್ತಾ ಕೂರೋದು ಮರ್ಯಾದೇನಾ? ಟೆಂತ್ ಓದಿದವನಿಗೆ ನಿಮ್ಮ ಲ್ಯಾಬಲ್ಲಿ ಯಾರು ಕೆಲಸ ಕೊಡ್ತಾರೆ? ಅಕ್ಕನಿಗೆ ಮಾತ್ರ ಹೇಳಬೇಡಿ.

ಇಲ್ಲಿ ಸೌತ್ ಕ್ಯಾರೊಲಿನಾದಲ್ಲಿ ಮುಚ್ಚಿದ ಹತ್ತಿ ಮಿಲ್ಲಿನ ಚಿಮಣಿ ಕೆಡವುವ ಕೆಲಸ. ಕೆಡವುವವನು ವಿಲ್ಫ್ರೆಡ್, ಇಂಗ್ಲೆಂಡಿನ ಮುದುಕ. ಡೈನಮೈಟ್ ಇಲ್ಲ, ಪಕ್ಕದಲ್ಲೇ ಮನೆಗಳು. ಬುಡದಲ್ಲಿ ಒಂದು ಕಡೆ ಇಟ್ಟಿಗೆ ಕಿತ್ತು, ಆ ಜಾಗಕ್ಕೆ ಮರದ ದಿಮ್ಮಿಯ ಆಸರೆ ಕೊಡುವುದು. ಆಮೇಲೆ ದಿಮ್ಮಿಗೆ ಬೆಂಕಿ. ಸುಟ್ಟರೆ ಚಿಮಣಿ ಆ ಕಡೆಗೇ ಮಲಗುತ್ತದೆ.

ಕೇಳಿದ ಕೂಡಲೇ ಓಡೋಕೆ ದಾರಿ ಎತ್ತ ಅಂತ ನೋಡಿಕೊಂಡೆ.

11, ಬುಧವಾರ

ಲಂಚ್‌ನಲ್ಲಿ ವಿಲ್ಫ್ರೆಡ್‌ಗೆ ‘ಅಂಕಲ್’ ಅಂದೆ. “ನಂಗೆ ಅಕ್ಕ ತಂಗಿ ಯಾರೂ ಇಲ್ವಲ್ಲೋ ಲ್ಯಾಡ್, ನೀನೆಲ್ಲಿಂದ ಉದುರಿದೆ?” ಅಂದ. ಲ್ಯಾಡ್ ಅಂದರೆ ಅವರ ಕಡೆ ಹುಡುಗ ಅಂತ.

ಅವನ ಊರು ಹಾರ್ಕ್ಲಫ್, ಲ್ಯಾಂಕಾಷೈರ್‌ನಲ್ಲಿ. ಜೇಬಿನಲ್ಲಿ ಹಳೆಯ ಫೋಟೋ. ಟೌನ್ ಹಾಲ್ ಗಡಿಯಾರ, ಕಾಲುವೆ, ಹಿಂದೆ ಬರೀ ಚಿಮಣಿ, ಮರದ ತೋಪಿನ ಹಾಗೆ.

“ಈಗ ಗಡಿಯಾರ ಇದೆ, ಕಾಲುವೆ ಇದೆ, ಪಾರ್ಕಿದೆ. ಚಿಮಣಿ ಎಲ್ಲ ನಾನೇ ಮಲಗಿಸ್ದೆ. ಆ ಪಾರ್ಕ್ ಹೆಂಗಾಯ್ತು ಗೊತ್ತಾ? ನೂರು ಚಿಲ್ರೆ ವರ್ಷದ ಹಿಂದೆ ಇಲ್ಲಿ ಅಮೆರಿಕದಲ್ಲಿ ಯುದ್ಧ ಆಗಿ ಈ ಕಡೆಯ ಹತ್ತಿ ನಮ್ಮೂರಿಗೆ ಬರ್ಲಿಲ್ಲ. ನಮ್ಮ ಮಗ್ಗ ನಿಂತ್ವು. ಹಸಿದವರ ಕೈಗೆ ಗುದ್ದಲಿ ಕೊಟ್ಟು ಅಗೆಸಿದ್ರು. ನಮ್ಮಜ್ಜನ ಅಪ್ಪನೂ ಅಗೆದಿದ್ದ.”

ಅಷ್ಟರಲ್ಲಿ ಅವನ ಹಿಂದೆಯೇ ಲಾರಿ ಹಾರ್ನ್. ನಾನು ಹಾರಿಬಿದ್ದೆ. ಅವನು ಸ್ಯಾಂಡ್‌ವಿಚ್ ತಿನ್ನುತ್ತಲೇ ಇದ್ದ.

ಗೊತ್ತಾಯಿತು. ನಮ್ಮಪ್ಪನೂ ಹೀಗೇ. ದಾವಣಗೆರೆ ಮಿಲ್ಲಿನಲ್ಲಿ ಮಗ್ಗದ ಸದ್ದಿಗೆ ಕಿವಿ ಹೋಗಿ, ಮನೆಯಲ್ಲಿ ತುಟಿ ನೋಡಿಯೇ ಮಾತು. ದನಿ ತೆಗೆಯದೆ, ಬಾಯಿ ಅಗಲಿಸಿ ಕೇಳಿದೆ: ಕಿವಿ ಕೇಳಲ್ವಾ?

ಅವನು ಸ್ಯಾಂಡ್‌ವಿಚ್ ಕೆಳಗಿಟ್ಟ. “ಕಂಟ್ರಾಕ್ಟರ್‌ಗೆ ಹೇಳ್ಬೇಡ. ಇದೇ ನಂದು ಕೊನೇದು.”

ಬೆಂಕಿ ಆರದಂತೆ ನೋಡಿಕೊಳ್ಳಲು ಅವನು ಬುಡದಲ್ಲೇ ಇರಬೇಕು. ಬೀಳುವ ಮುಂಚೆ ಇಟ್ಟಿಗೆ ಒಮ್ಮೆ ‘ಟಕ್’ ಅನ್ನುತ್ತದಂತೆ. ಆಗಲೇ ಓಡಬೇಕು. ಆ ಟಕ್ ಅವನಿಗೆ ಕೇಳುವುದಿಲ್ಲ.

“ನೀನು ಕೇಳಿಸ್ಕೊಂಡು ಕೈ ಎತ್ತು. ಅಷ್ಟೇ.”

ಹೂಂ ಅಂದುಬಿಟ್ಟೆ. ಯಾಕೆ ಅಂದೆ…

13, ಶುಕ್ರವಾರ

ಓಡಿಹೋದೆ.

ಕೊನೆಯ ದಿಮ್ಮಿ ಕೂರಿಸುವಾಗ ಮೇಲೆಲ್ಲೋ ಟಕ್. ಕೈ ಎತ್ತಲಿಲ್ಲ. ಅವನ ಭುಜ ತಟ್ಟಲಿಲ್ಲ. ಬೇಲಿ ಹಾರಿದ್ದೂ ನೆನಪಿಲ್ಲ, ರಸ್ತೆಯಲ್ಲಿದ್ದೆ. ತಿರುಗಿದರೆ ಮುದುಕ ಬಗ್ಗಿಕೊಂಡೇ ಇದ್ದ, ಬೆನ್ನು ನನ್ನ ಕಡೆ. ಏನೂ ಬೀಳಲಿಲ್ಲ.

ಬಿದ್ದಿದ್ದರೆ—

14, ಶನಿವಾರ

ಅನ್ನ ಸೇರುತ್ತಿಲ್ಲ. ಹೋಗಿ ಹೇಳಿಬಿಟ್ಟೆ, ನಿನ್ನೆ ನಿನ್ನನ್ನು ಬಿಟ್ಟು ಓಡಿದೆ ಅಂತ. ಬಯ್ಯುತ್ತಾನೆ ಅಂದುಕೊಂಡಿದ್ದೆ. ಕಟ್ಟಿಸಿಕೊಂಡ ಹಲ್ಲು ಜಾರುವಷ್ಟು ನಕ್ಕ.

“ಓಡೋನೇ ಬೇಕು ನಂಗೆ! ಧೈರ್ಯವಂತ ಯೋಚ್ನೆ ಮಾಡ್ತಾ ನಿಂತ್ಕೋತಾನೆ. ಕೈ ಗೀ ಎತ್ತೋದು ಬಿಡು. ನನ್ನ ಎದುರಿಗೆ ನಿಂತ್ಕೋ. ಬೆಂಕಿ ಜೊತೆ ನಿನ್ನೂ ನೋಡ್ತಿರ್ತೀನಿ. ನೀನು ಓಡಿದ್ರೆ ನಾನೂ ಓಡ್ತೀನಿ.”

“ಸುಮ್ಸುಮ್ನೆ ಓಡಿದ್ರೆ?”

“ವಾಪಸ್ ಬಂದು ಟೀ ಕುಡಿಯೋಣ.”

ನಗು ಬಂತು. ರೂಮಿಗೆ ಬಂದ ಮೇಲೆ ಯೋಚನೆ ಹತ್ತಿತು. ಬೆಂಕಿ ಹಚ್ಚುವ ದಿನ ಕಾಲೇ ಏಳದಿದ್ದರೆ?

16, ಸೋಮವಾರ, ಬೆಳಿಗ್ಗೆ

ಇವತ್ತೇ ಬೆಂಕಿ.

ಅಕ್ಕ ಫೋನ್ ಮಾಡಿದಳು. ಭಾವ ಎಲ್ಲ ಹೇಳಿಬಿಟ್ಟಿದ್ದಾರೆ.

“ನಾಗೂ, ಗ್ರೇಹೌಂಡ್ ಬಸ್ ಎಂಟೂವರೆಗಂತೆ, ಹತ್ಕೊಂಡು ಬಂದ್ಬಿಡೋ. ಪಟಾಕಿ ಅಂದ್ರೆ ಮಂಚದ ಕೆಳಗೆ ಹೋಗ್ತಿದ್ದೋನು ನೀನು!”

“ಅದಕ್ಕೇ ಅಕ್ಕಾ, ಮುದುಕ ನಂಗೆ ಈ ಕೆಲ್ಸ ಕೊಟ್ಟಿರೋದು.”

ಅವಳಿಗೆ ಅರ್ಥವಾಗಲಿಲ್ಲ. ಅತ್ತಳು. ಬರ್ತೀನಿ ಅಂದೆ, ಬರಲ್ಲ ಅಂದೆ. ಫೋನ್ ಇಟ್ಟೆ.

ಬಸ್ ಸ್ಟಾಪ್ ಎಡಕ್ಕೆ. ಮಿಲ್ಲು ಬಲಕ್ಕೆ. ಬ್ಯಾಗ್ ತುಂಬಿದ್ದೂ ಆಗಿದೆ. ಕಿಟಕಿಯಲ್ಲಿ ಚಿಮಣಿ ಕಾಣುತ್ತದೆ, ಏನೂ ಗೊತ್ತಿಲ್ಲದ ಹಾಗೆ ನಿಂತಿದೆ. ನಾನು ಹೋಗದಿದ್ದರೂ ಮುದುಕ ಹಚ್ಚುತ್ತಾನೆ. ನಾನು ನಿಲ್ಲಬೇಕಾದ ಜಾಗವನ್ನೇ ನೋಡುತ್ತಾ ಕೂರುತ್ತಾನೆ.

ಖಾಲಿ ಜಾಗ ಓಡುವುದಿಲ್ಲ.

ಶೂ ಲೇಸ್‌ಗೆ ಎರಡು ಗಂಟು ಹಾಕಿದೆ, ಓಡುವಾಗ ಬಿಚ್ಚಿಕೊಳ್ಳಬಾರದು. ಬ್ಯಾಗ್ ಇಲ್ಲೇ ಇರಲಿ. ಎದ್ದೆ. ಬಾಗಿಲು ಎಳೆದುಕೊಂಡು, ಬಲಕ್ಕೆ—