ಐದು ಅಂಕದ ಉತ್ತರ

ಪುಟ್ಟೀ,

ಹೊಲಿಗೆ ಅಂಗಡಿಗೆ ಹೊರಟೆ. ಊಟ ಒಲೆ ಮೇಲಿದೆ, ಬಿಸಿ ಮಾಡ್ಕೋ. ಕೂತ್ಕೊಂಡು ತಿನ್ನು.

ನಿಮ್ಮ ಫಿಸಿಕ್ಸ್ ಮೇಡಂ ಫೋನ್ ಮಾಡಿದ್ರು. ಕ್ಲಾಸ್ ಟೆಸ್ಟಲ್ಲಿ ಐದು ಅಂಕದ ಲೆಕ್ಕಕ್ಕೆ ಬರೀ ಉತ್ತರ ಬರೆದು, ಪಕ್ಕದಲ್ಲಿ ಸೊನ್ನೆ ಸುತ್ತಿ ಕಪ್ಪಗೆ ತುಂಬಿದ್ದೀಯಂತೆ, ಎಂಟ್ರೆನ್ಸ್ ಪರೀಕ್ಷೇಲಿ ತುಂಬೋ ಹಾಗೆ! ಉತ್ತರ ಸರಿ, ಹೇಗೆ ಬಂತು ಅಂತಾನೇ ಇಲ್ಲ, ಒಂದೇ ಅಂಕ ಕೊಟ್ಟೆ ಅಂದ್ರು. ನಗು ಬಂತು. ಆಮೇಲೆ, ಮನೇಲೂ ನೀನು ಹಾಗೇ ಆಗಿದ್ದೀಯ ಅಂತ ಹೊಳೀತು. ಏನು ಕೇಳಿದ್ರೂ ‘ಚೆನ್ನಾಗಿದೀನಿ’, ಅಷ್ಟೇ.

ಎಂಟ್ರೆನ್ಸ್ ಪುಸ್ತಕ ಮನೇಲಿರೋ ನನ್ನ ಹೊಲಿಗೆ ಮೆಷಿನ್ ಡ್ರಾಯರಲ್ಲಿ ಎತ್ತಿಟ್ಟಿದ್ದೀನಿ. ಬೀಗ ಹಾಕಿಲ್ಲ. ಆದ್ರೂ ಇವತ್ತೊಂದಿನ ಮುಟ್ಟಬೇಡ. ಸ್ಕೂಲ್ ಪಾಠ ಓದು, ಸಾಕು.

ಸಂಜೆ ಬಂದು ‘ಹೇಗಿದ್ದೀಯ’ ಅಂತ ಕೇಳ್ತೀನಿ. ಐದು ಅಂಕಕ್ಕೆ ಹೇಳು, ಒಂದು ಹಂತಾನೂ ಬಿಡದೆ.

ಅಮ್ಮ